ಮೈಕು ಯಾರ ಕೈಯಲ್ಲಿ: ಊರು ತೋರಿಸುವ ಬಸ್ಸುಗಳು ನಡೆದುಬಂದ ದಾರಿ

ಡಬಲ್ ಡೆಕ್ಕರ್ ಬಸ್ಸಿನ ಮೇಲಿನ ಮಹಡಿಯಲ್ಲಿ ಕೂತು ಹಳೇ ಪೇಟೆಯೊಳಗೆ ಹೋದರೆ ಒಂದು ವಿಷಯ ತಕ್ಷಣ ಗೊತ್ತಾಗುತ್ತದೆ. ಅದೇ ಬೀದಿಯಲ್ಲಿ ನೂರು ಸಲ ನಡೆದಿದ್ದರೂ ಕಣ್ಣಿಗೆ ಬೀಳದ ಕಟ್ಟಡಗಳು ಅಲ್ಲಿಂದ ಕಾಣುತ್ತವೆ. ಕಾರಣ ಇಷ್ಟೇ. ನೆಲಮಹಡಿಯನ್ನು ಅಂಗಡಿಯವರು ಹತ್ತು ಸಲ ಒಡೆದು ಕಟ್ಟಿರುತ್ತಾರೆ, ಗಾಜು ಹಾಕಿರುತ್ತಾರೆ, ಶಟರ್ ಕೂರಿಸಿರುತ್ತಾರೆ, ಅದರ ಮೇಲೊಂದು ದೊಡ್ಡ ಬೋರ್ಡು. ಆ ಬೋರ್ಡಿನಿಂದ ಮೇಲಕ್ಕೆ ಮಾತ್ರ ಯಾರೂ ಜಾಸ್ತಿ ಕೈ ಹಾಕಿರುವುದಿಲ್ಲ. ಕಟ್ಟಿದ ವರ್ಷ ಕೆತ್ತಿದ ಕಲ್ಲು, ಕಿಟಕಿಯ ಮೇಲಿನ ಕಮಾನು, ಗಾರೆಯಲ್ಲಿ ಮೂಡಿಸಿದ ಬಳ್ಳಿ, ತುಕ್ಕು ಹಿಡಿದ ಬಾಲ್ಕನಿ ಕಂಬಿ, ಎಲ್ಲ ಹಾಗೇ ಉಳಿದಿರುತ್ತವೆ. ನಡೆಯುವವರು ಕತ್ತೆತ್ತಿ ನೋಡುವುದಿಲ್ಲ. ಬಸ್ಸಿನಲ್ಲಿ ಕೂತವರಿಗೆ ಅದೇ ಕಣ್ಣಿನ ನೇರಕ್ಕೆ ಬರುತ್ತದೆ.

ಹಾಗಾಗಿ ಈ ಬಸ್ಸುಗಳೆಂದರೆ ನನಗೆ ಬಹಳ ಇಷ್ಟ. ಬಸ್ಸು ಬಂತೆಂದರೆ ಕಿಟಕಿ ಹಾಕಿಕೊಳ್ಳುವ ಹಳೇ ಬೀದಿಯ ನಿವಾಸಿಗಳ ಸಿಟ್ಟೂ ಅರ್ಥವಾಗುತ್ತದೆ. ಯುರೋಪಿನ ನಗರಗಳು ಈಗ ಒಂದರ ಹಿಂದೆ ಒಂದು ಪ್ರವಾಸಿ ಬಸ್ಸುಗಳನ್ನು ಊರ ನಡುವಿನಿಂದ ಆಚೆ ಕಳಿಸುತ್ತಿರುವಾಗ ಇದೇನೋ ಇತ್ತೀಚಿನ ಜಗಳ ಅನ್ನಿಸಬಹುದು. ಅಲ್ಲ. ಬಸ್ಸಿಗೆ ಮೋಟಾರು ಬಂದ ಹೊಸತರಲ್ಲೇ ಇದೂ ಬಂದಿತ್ತು.

ಅದಕ್ಕೂ ಮುಂಚಿನದನ್ನು ಬೇಗ ಹೇಳಿಬಿಡುತ್ತೇನೆ. 1829ರಲ್ಲಿ ಜಾರ್ಜ್ ಶಿಲಿಬೀರ್ ಲಂಡನ್ನಿನಲ್ಲಿ ಕುದುರೆ ಎಳೆಯುವ ಆಮ್ನಿಬಸ್ ಓಡಿಸಿದ. ಅದು ಊರು ನೋಡಲಿಕ್ಕಲ್ಲ, ಕೆಲಸಕ್ಕೆ ಹೋಗಿಬರಲಿಕ್ಕೆ. 1841ರ ಜುಲೈ 5ರಂದು ಥಾಮಸ್ ಕುಕ್ ಸುಮಾರು 500 ಜನರಿಂದ ತಲಾ ಒಂದು ಶಿಲ್ಲಿಂಗ್ ಪಡೆದು ಲೆಸ್ಟರ್‌ನಿಂದ ಲಫ್‌ಬರೋಗೆ ರೈಲಿನಲ್ಲಿ ಕರೆದುಕೊಂಡು ಹೋದ. ಗುಂಪು ಕಟ್ಟುವುದು, ಮೊದಲೇ ದುಡ್ಡು ಪಡೆಯುವುದು, ಉಳಿದ ವ್ಯವಸ್ಥೆಯನ್ನೆಲ್ಲ ತಾನೇ ನೋಡಿಕೊಳ್ಳುವುದು, ಈ ಪದ್ಧತಿ ಅಲ್ಲಿಂದ ಬೆಳೆಯಿತು. ಆಮೇಲೆ ಬೆಂಚುಗಳನ್ನು ಸಾಲಾಗಿ ಜೋಡಿಸಿದ ಶಾರಬಾಂಗ್ ಎಂಬ ತೆರೆದ ಗಾಡಿ ಬಂತು. ಮೊದಲು ಅದಕ್ಕೆ ಕುದುರೆ, ನಂತರ ಎಂಜಿನ್.

ಇಪ್ಪತ್ತನೇ ಶತಮಾನದ ಶುರುವಿನ ಹೊತ್ತಿಗೆ ಅಮೆರಿಕದ ನಗರಗಳಲ್ಲಿ ಬೇರೊಂದು ಬಗೆಯ ಗಾಡಿ ಕಾಣಿಸಿತು. ಹಿಂದಿನ ಸಾಲುಗಳು ಮೆಟ್ಟಿಲಂತೆ ಎತ್ತರವಾಗುತ್ತಾ ಹೋಗುತ್ತಿದ್ದವು, ನಾಟಕದ ಗ್ಯಾಲರಿಯ ಹಾಗೆ. ಮುಂದೆ ಒಬ್ಬ ಮೆಗಾಫೋನ್ ಹಿಡಿದು ಕೂಗುತ್ತಿದ್ದ. ಜನ ಇದಕ್ಕೆ ರಬ್ಬರ್‌ನೆಕ್ ಗಾಡಿ ಅಂತ ಹೆಸರಿಟ್ಟರು, ಕೂತವರೆಲ್ಲ ರಬ್ಬರಿನಂತೆ ಕತ್ತು ಉದ್ದ ಮಾಡಿ ನೋಡುತ್ತಿದ್ದರು ಅಂತ. ಗ್ಯಾಲರಿಯಲ್ಲಿ ಕೂತವರಿಗೆ ಎದುರಿಗೆ ನಾಟಕ ಬೇಕೇ ಬೇಕು, ಅಲ್ವಾ? ನ್ಯೂಯಾರ್ಕಿನಲ್ಲಿ ಆ ನಾಟಕ ಚೈನಾಟೌನ್ ಆಯಿತು. ಬಡವರ ಬೀದಿಗಳಿಗೆ ಸುಮ್ನೆ ನೋಡಲು ಹೋಗುವ ಗೀಳು ಸಿರಿವಂತರಲ್ಲಿ 1880ರ ದಶಕದಲ್ಲೇ ಹತ್ತಿಕೊಂಡಿತ್ತು. ಚಕ್ ಕಾನರ್ಸ್ ಎಂಬ ಪ್ರಸಿದ್ಧ ಗೈಡ್ ಅಲ್ಲಿ ಪ್ರವಾಸಿಗರಿಗೆ ಅಫೀಮಿನ ಅಡ್ಡೆ ತೋರಿಸುತ್ತಿದ್ದ. ಆ ಅಡ್ಡೆ ನಿಜದ್ದಲ್ಲ, ನೋಡುವವರಿಗೆಂದೇ ಜನರನ್ನು ಕೂರಿಸಿ ಹೂಡಿದ ವೇಷ. ಅದೇ ಬೀದಿಯಲ್ಲಿ ಲಾಂಡ್ರಿ ನಡೆಸುತ್ತಾ, ಅಂಗಡಿ ಇಟ್ಟುಕೊಂಡು, ಊರಿಗೆ ದುಡ್ಡು ಕಳಿಸುತ್ತಾ ಬದುಕಿದ ಜನರ ಬಗ್ಗೆ ಮೆಗಾಫೋನಿನಲ್ಲಿ ಹೇಳುವುದಕ್ಕೆ ಏನೂ ಇರಲಿಲ್ಲ.

ನನಗೆ ಇದು ಬರೀ ಹಳೇ ಸುದ್ದಿ ಅನ್ನಿಸುವುದಿಲ್ಲ. ಒಂದು ಓಣಿಯಲ್ಲಿ ಬದುಕುವವರು ಒಬ್ಬರು, ಆ ಓಣಿಯ ಬಗ್ಗೆ ಮಾತಾಡುವವರು ಇನ್ನೊಬ್ಬರು, ಕೇಳಿಸಿಕೊಂಡು ಹೋಗುವವರು ಮತ್ತೊಬ್ಬರು. ಮುಂದಿನ ಜಗಳಗಳೆಲ್ಲ ಈ ಮೂವರ ನಡುವಿನವೇ.

ವ್ಯಾಪಾರ ಮಾತ್ರ ಬೆಳೆಯುತ್ತಾ ಹೋಯಿತು. 1910ರಲ್ಲಿ ಲೂಯಿಸ್ ಬುಷ್ ವಾಷಿಂಗ್ಟನ್ನಿನಲ್ಲಿ ಮ್ಯಾಕ್ ಟ್ರಕ್ಕಿನ ಚಾಸಿ ಮೇಲೆ ಬಸ್ಸು ಕಟ್ಟಿ ಗ್ರೇ ಲೈನ್ ಶುರು ಮಾಡಿದ. ಜಪಾನಿನ ಬೆಪ್ಪು ಎಂಬ ಬಿಸಿನೀರ ಬುಗ್ಗೆಗಳ ಊರಿನಲ್ಲಿ ಅಬುರಾಯಾ ಕುಮಾಹಾಚಿ 1928ರಲ್ಲಿ ಯುವತಿಯರನ್ನು ಬಸ್ ಗೈಡ್‌ಗಳಾಗಿ ನೇಮಿಸಿದ. ಅವರು ಊರಿನ ವಿವರವನ್ನು ಏಳು ಮತ್ತು ಐದು ಅಕ್ಷರದ ಪದ್ಯದ ಲಯದಲ್ಲಿ ಹೇಳುತ್ತಿದ್ದರು. ಇದನ್ನು ಮೊದಲು ಓದಿದಾಗ ಬರೀ ಅಲಂಕಾರಕ್ಕೆ ಹಾಗೆ ಹೇಳುತ್ತಿದ್ದರೇನೋ ಅಂದುಕೊಂಡಿದ್ದೆ. ಆಮೇಲೆ ಬಸ್ಸಿನಲ್ಲಿ ಗೈಡ್ ಕೆಲಸ ಹೇಗೆ ನಡೆಯುತ್ತದೆ ಅಂತ ಗಮನಿಸಿದ ಮೇಲೆ ಆ ಲಯಕ್ಕೆ ಬೇರೆಯೇ ಉಪಯೋಗ ಇದ್ದಿರಬೇಕು ಅನ್ನಿಸಿತು.

ಲೆಕ್ಕ ಹಾಕಿ ನೋಡಿ. ಬಸ್ಸು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಅಂದುಕೊಳ್ಳಿ. ಅಂದರೆ ಸೆಕೆಂಡಿಗೆ ಸುಮಾರು ಐದೂವರೆ ಮೀಟರ್. 15 ಮೀಟರ್ ಅಗಲದ ಕಟ್ಟಡ ಮೂರು ಸೆಕೆಂಡಿನೊಳಗೆ ಹಿಂದೆ ಹೋಗಿಬಿಡುತ್ತದೆ. ಕಟ್ಟಡ ಕಂಡ ಮೇಲೆ ಮಾತು ಶುರು ಮಾಡಿದರೆ ಕೆಟ್ಟಿತು ಕೆಲಸ, ವಾಕ್ಯ ಮುಗಿಯುವಷ್ಟರಲ್ಲಿ ಎದುರಿಗೆ ಪೆಟ್ರೋಲ್ ಬಂಕ್ ಇರುತ್ತದೆ. ಹಾಗಾಗಿ ಒಳ್ಳೆಯ ಗೈಡ್ ತಿರುವಿಗೆ ಮುಂಚೆಯೇ ಮಾತು ಶುರು ಮಾಡುತ್ತಾರೆ. ಅದರ ಮೇಲೆ ಅವರ ಮುಖ ನಮ್ಮ ಕಡೆ, ಬೆನ್ನು ರಸ್ತೆಯ ಕಡೆ. ಅವರ ಎಡ ನಮಗೆ ಬಲ. ಮನಸ್ಸಿನಲ್ಲೇ ತಿರುಗಿಸಿಕೊಂಡು "ನಿಮ್ಮ ಎಡಗಡೆ" ಅನ್ನಬೇಕು, ಅದೂ ತಾವು ಆ ಕಟ್ಟಡವನ್ನು ನೋಡದೆ. ಸಿಗ್ನಲ್ ಬಿದ್ದು ಬಸ್ಸು ನಿಂತರೆ ಆ ನಿಮಿಷಕ್ಕೂ ಒಂದು ಕಥೆ ಕೈಯಲ್ಲಿರಬೇಕು, ಹಸಿರು ಬಂದ ಕೂಡಲೇ ಅದನ್ನು ಅಲ್ಲೇ ಕಟ್ ಮಾಡುವ ಹಾಗೂ ಇರಬೇಕು. ಬಾಯಿಪಾಠದ ಪದ್ಯಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಹೇಳುವವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಬೆಪ್ಪುವಿನ ಆ ಹುಡುಗಿಯರಿಗೆ ಲಯವೇ ಗಡಿಯಾರವಾಗಿತ್ತು ಅಂತ ನನ್ನ ಊಹೆ.

ಇದೇ ಕಾಲದಲ್ಲಿ ಪೆಟ್ರೋಗ್ರಾಡಿನಲ್ಲಿ, ಅಂದರೆ ಇವತ್ತಿನ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ಕೆಲವರು ಊರು ತೋರಿಸುವುದನ್ನು ಒಂದು ವಿದ್ಯೆಯಾಗಿ ಬೆಳೆಸಿದರು. ಇತಿಹಾಸಕಾರ ಇವಾನ್ ಗ್ರೇವ್ಸ್, ಅವರ ಶಿಷ್ಯ ನಿಕೊಲಾಯ್ ಆಂಟ್ಸಿಫೆರೊವ್ ಇದರಲ್ಲಿ ಮುಖ್ಯರು. 1921ರಲ್ಲಿ ಅದಕ್ಕೆಂದೇ ಒಂದು ಸಂಸ್ಥೆಯೂ ಆಯಿತು. ಮೊದಲು ಎತ್ತರದ ಜಾಗಕ್ಕೆ ಹೋಗಿ ಇಡೀ ಊರನ್ನು ಒಟ್ಟಿಗೆ ನೋಡಿ, ಆಮೇಲೆ ಬೀದಿಗಿಳಿಯಿರಿ ಅಂತ ಆಂಟ್ಸಿಫೆರೊವ್ ಹೇಳುತ್ತಿದ್ದರು. ಬಿಡಿ ಕಟ್ಟಡಕ್ಕಿಂತ ಊರಿನ ಒಟ್ಟು ಚಹರೆ ಅವರಿಗೆ ದೊಡ್ಡದಾಗಿತ್ತು. 1929ರಲ್ಲಿ ಅವರ ಬಂಧನವಾಯಿತು. ವಿದೇಶಿ ಪ್ರವಾಸಿಗರಿಗೆಂದು ಸೋವಿಯತ್ ಸರ್ಕಾರ ಇನ್‌ಟೂರಿಸ್ಟ್ ಎಂಬ ಪ್ರವಾಸ ಸಂಸ್ಥೆ ಶುರು ಮಾಡಿದ್ದೂ ಅದೇ ವರ್ಷ. ಏನು ತೋರಿಸಬೇಕು, ಏನು ಹೇಳಬೇಕು ಅನ್ನುವುದೆಲ್ಲ ಅಲ್ಲಿ ಮೇಲಿನಿಂದ ತೀರ್ಮಾನವಾಗಿ ಬರುತ್ತಿತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಬಸ್ಸುಗಳು ಮತ್ತೆ ಹೊರಟವು. ಟೋಕಿಯೊದಲ್ಲಿ ಈಗ ಹಾಟೊ ಬಸ್ ಅಂತ ಹೆಸರಾದ ಕಂಪನಿ ಹುಟ್ಟಿದ್ದು 1948ರಲ್ಲಿ. ಆದರೆ ಕಟ್ಟಡಗಳ ಪ್ರವಾಸಕ್ಕೆ ನಿಜವಾದ ತಿರುವು ಕೊಟ್ಟದ್ದು ಯುದ್ಧವಲ್ಲ, ಅದರ ನಂತರದ ಕೆಡವುವ ಹುಚ್ಚು.

ಲಂಡನ್ನಿನ ಯೂಸ್ಟನ್ ರೈಲು ನಿಲ್ದಾಣದ ಮುಂದಿದ್ದ ಕಲ್ಲಿನ ಮಹಾದ್ವಾರವನ್ನು 1961-62ರಲ್ಲಿ ಕೆಡವಿದರು. ನ್ಯೂಯಾರ್ಕಿನ ಪೆನ್ ರೈಲು ನಿಲ್ದಾಣವನ್ನು 1963ರ ಅಕ್ಟೋಬರಿನಲ್ಲಿ ಒಡೆಯಲು ಶುರು ಮಾಡಿದರು. ಅದಕ್ಕಾಗ ವಯಸ್ಸು ಬರೀ 53. ಜನರಿಗೆ ಎಷ್ಟು ಆಘಾತವಾಯಿತೆಂದರೆ 1965ರಲ್ಲಿ ನ್ಯೂಯಾರ್ಕ್ ತನ್ನ ಹಳೇ ಕಟ್ಟಡಗಳನ್ನು ಉಳಿಸಲು ಕಾನೂನು ಮಾಡಿತು, ಮರುವರ್ಷವೇ ಇಡೀ ಅಮೆರಿಕಕ್ಕೆ ಅಂಥದ್ದೇ ಇನ್ನೊಂದು ಬಂತು. ಫ್ರಾನ್ಸಿನಲ್ಲಿ ಆಂದ್ರೆ ಮಾಲ್ರೊ ಸಚಿವರಾಗಿದ್ದಾಗ, 1962ರಲ್ಲೇ, ಬಿಡಿ ಕಟ್ಟಡ ಬಿಟ್ಟು ಹಳೇ ಬಡಾವಣೆಗಳನ್ನೇ ಇಡಿಯಾಗಿ ಕಾಪಾಡುವ ಕಾನೂನು ಆಗಿತ್ತು.

ಶಿಕಾಗೊದಲ್ಲಿ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. 1966ರಲ್ಲಿ ಅಲ್ಲಿನ ಗ್ಲೆಸ್ನರ್ ಹೌಸ್ ಉರುಳುವುದರಲ್ಲಿತ್ತು. ಎಚ್. ಎಚ್. ರಿಚರ್ಡ್‌ಸನ್ ವಿನ್ಯಾಸ ಮಾಡಿದ, 1887ರ ಕಲ್ಲಿನ ಮನೆ ಅದು. ಕೆಲವು ವಾಸ್ತುಶಿಲ್ಪಿಗಳೂ ಊರಿನವರೂ ಸೇರಿ 35,000 ಡಾಲರ್ ಹೊಂದಿಸಿ ಅದನ್ನು ಕೊಂಡರು. ಆ ಗುಂಪೇ ಮುಂದೆ ಶಿಕಾಗೊ ಆರ್ಕಿಟೆಕ್ಚರ್ ಫೌಂಡೇಶನ್ ಆಯಿತು. ಮನೆಯೇನೋ ಉಳಿಯಿತು, ಆದರೆ ಎಲ್ಲವನ್ನೂ ದುಡ್ಡು ಕೊಟ್ಟು ಕೊಳ್ಳಲು ಆಗುತ್ತದೆಯೇ? ಆಗಲಿಲ್ಲ. ಆಡ್ಲರ್ ಮತ್ತು ಸಲಿವನ್ ಕಟ್ಟಿದ ಷೇರುಪೇಟೆ ಕಟ್ಟಡವನ್ನು 1972ರಲ್ಲಿ ಒಡೆಯುತ್ತಿದ್ದಾಗ, ಅದರ ಕೆತ್ತನೆಗಳನ್ನು ಉಳಿಸಲು ಒಳಗೆ ಹೋಗಿದ್ದ ಛಾಯಾಗ್ರಾಹಕ ರಿಚರ್ಡ್ ನಿಕಲ್ ಕುಸಿದ ಅವಶೇಷದಡಿ ಸಿಕ್ಕಿ ಸತ್ತರು. ಆ ಕಟ್ಟಡದ ವ್ಯವಹಾರದ ಸಭಾಂಗಣವನ್ನು ಈಗ ಅಲ್ಲಿನ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಮತ್ತೆ ಕಟ್ಟಿ ಇಟ್ಟಿದ್ದಾರೆ. ನಿಕಲ್ ತೆಗೆದ ಫೋಟೋಗಳೂ ಉಳಿದಿವೆ.

ಜನಕ್ಕೆ ಗೊತ್ತಿಲ್ಲದ ಕಟ್ಟಡವನ್ನು ಉಳಿಸಲು ಯಾರೂ ಬರುವುದಿಲ್ಲ. ಇದು ಆ ಗುಂಪಿಗೆ ಚೆನ್ನಾಗಿ ಅರ್ಥವಾಗಿತ್ತು. 1971ರಲ್ಲಿ ಅವರು ಊರಿನ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು ಸ್ವಯಂಸೇವಕ ಗೈಡ್‌ಗಳನ್ನು ತಯಾರು ಮಾಡಲು ಶುರು ಮಾಡಿದರು. ನಡಿಗೆಯ ಪ್ರವಾಸ, ಬಸ್ಸಿನ ಪ್ರವಾಸ, ಆಮೇಲೆ ನದಿಯಲ್ಲಿ ದೋಣಿಯ ಪ್ರವಾಸವೂ ಬಂತು. ಇಲ್ಲಿ ಬಸ್ಸು ಅನಿವಾರ್ಯ ಕೂಡ. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1889ರಲ್ಲಿ ತನಗಾಗಿ ಕಟ್ಟಿಕೊಂಡ ಮನೆ ಇರುವುದು ಶಿಕಾಗೊದ ಪಶ್ಚಿಮಕ್ಕೆ, ಓಕ್ ಪಾರ್ಕ್‌ನಲ್ಲಿ. ಅವರೇ 1910ರಲ್ಲಿ ಮುಗಿಸಿದ ರೋಬಿ ಹೌಸ್ ಇರುವುದು ದಕ್ಷಿಣಕ್ಕೆ, ಹೈಡ್ ಪಾರ್ಕ್‌ನಲ್ಲಿ. ಎರಡನ್ನೂ ಒಂದೇ ಮಧ್ಯಾಹ್ನ ನೋಡಿದರೆ ತಾನೇ ಆ ಇಪ್ಪತ್ತು ವರ್ಷದಲ್ಲಿ ಚಾವಣಿ ಹೇಗೆ ಚಪ್ಪಟೆಯಾಯಿತು, ಕಿಟಕಿಗಳು ಹೇಗೆ ಒಂದೇ ಪಟ್ಟಿಯಾಗಿ ಕೂಡಿಕೊಂಡವು ಅಂತ ಗೊತ್ತಾಗುವುದು? ನಡೆದು ಹೋದರೆ ಆಗದ ಮಾತು. ರೋಬಿ ಹೌಸನ್ನೂ 1957ರಲ್ಲಿ ಕೆಡವಲು ಹೊರಟಿದ್ದರು. ತೊಂಬತ್ತರ ಹತ್ತಿರ ಬಂದಿದ್ದ ರೈಟ್ ತಾವೇ ಅಲ್ಲಿಗೆ ಬಂದು ವಿರೋಧಿಸಿದ್ದರು.

ಈ ಬಗೆಯ ಪ್ರವಾಸದಲ್ಲಿ ಮೈಕು ಹಿಡಿದವರು ಅದೇ ಊರಿನಲ್ಲಿ ತೆರಿಗೆ ಕಟ್ಟುವವರು. ಇಲ್ಲಿದ್ದ ಕಟ್ಟಡ ಹೋಯಿತು ಅಂತ ಹೇಳುವಾಗ ಅವರ ದನಿಯಲ್ಲೇ ನೋವು ಇರುತ್ತದೆ. ನನ್ನ ಮಟ್ಟಿಗೆ ಬಸ್ ಪ್ರವಾಸ ಕಂಡ ಅತ್ಯುತ್ತಮ ಕಾಲ ಇದೇ.

ನಂತರ ಬಂದದ್ದು ಎಲ್ಲಿ ಬೇಕಾದರೂ ಹತ್ತಿ ಎಲ್ಲಿ ಬೇಕಾದರೂ ಇಳಿಯುವ ಬಸ್ಸು. ಒಂದು ಟಿಕೆಟ್, ದಿನವಿಡೀ ಸುತ್ತು. ಲಂಡನ್ನಿನಲ್ಲಿ ಬಿಗ್ ಬಸ್ 1991ರಲ್ಲಿ ಶುರುವಾಯಿತು, ಸ್ಪೇನಿನ ಸೆವಿಲ್ಲೆಯಲ್ಲಿ ಸಿಟಿ ಸೈಟ್‌ಸೀಯಿಂಗ್ 1999ರಲ್ಲಿ. ಕೆಂಪು ಬಸ್ಸು, ತೆರೆದ ಮಹಡಿ, ಸೀಟಿನ ಪಕ್ಕ ಇಯರ್‌ಫೋನ್ ಸಿಕ್ಕಿಸುವ ತೂತು, ಹತ್ತಾರು ಭಾಷೆ. ವಯಸ್ಸಾದವರಿಗೆ, ಕಾಲು ನೋವಿದ್ದವರಿಗೆ, ಮಕ್ಕಳನ್ನು ಕಟ್ಟಿಕೊಂಡು ಬಂದವರಿಗೆ ಇದರಿಂದಾದ ಉಪಕಾರ ಸಣ್ಣದಲ್ಲ. ಮೊದಲೇ ರೆಕಾರ್ಡ್ ಮಾಡಿದ ದನಿಗೆ ಮಾತ್ರ ಒಂದು ಮಿತಿ ಇದೆ. ಹೋದ ತಿಂಗಳು ಮೂಲೆ ಮನೆಗೆ ಬುಲ್ಡೋಜರ್ ಬಂದದ್ದು ಅದಕ್ಕೆ ಗೊತ್ತಿರುವುದಿಲ್ಲ. ನೀವು ಬೆರಳು ತೋರಿಸಿ "ಅದೇನು?" ಅಂತ ಕೇಳಿದರೆ ಉತ್ತರವೂ ಬರುವುದಿಲ್ಲ. ಬೀದಿಯವರಿಗೆ ಮಾತ್ರ ಇಯರ್‌ಫೋನಿನಿಂದ ನೆಮ್ಮದಿ. ತೆರೆದ ಬಸ್ಸುಗಳ ಧ್ವನಿವರ್ಧಕದ ಕಾಟಕ್ಕೆ ಬೇಸತ್ತ ನ್ಯೂಯಾರ್ಕಿನವರಿಗಾಗಿ 2010ರಲ್ಲಿ ಕಾನೂನೇ ಆಯಿತು, ಮಾತು ಕೂತವರ ಕಿವಿಗಷ್ಟೇ ಕೇಳಬೇಕು ಅಂತ.

ಇನ್ನು ಬಡಾವಣೆಗಳ ಪ್ರಶ್ನೆ. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದ ನೀತಿಯ ಕಾಲದಲ್ಲಿ ಆಡಳಿತವೇ ಕಪ್ಪು ಜನರನ್ನು ಇರಿಸಿದ್ದ ಸೊವೆಟೊ ಎಂಬ ಬಡಾವಣೆಗೆ ಬಸ್ ಪ್ರವಾಸ ನಡೆಸುತ್ತಿತ್ತು. ಶಾಲೆ ನೋಡಿ, ಆಸ್ಪತ್ರೆ ನೋಡಿ, ಕಪ್ಪು ಜನರನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೇವೆ ನೋಡಿ ಅನ್ನುವುದು ಅದರ ಧಾಟಿ. ಆ ಜನರ ಬಾಯಿಂದ ಒಂದು ಮಾತೂ ಇಲ್ಲ. 1994ರ ನಂತರ ಅದೇ ಸೊವೆಟೊದವರು ತಾವೇ ಗೈಡ್‌ಗಳಾದರು. ಮಂಡೇಲಾ ಮತ್ತು ಟುಟು ಇಬ್ಬರ ಮನೆಗಳೂ ಇರುವ ವಿಲಕಾಜಿ ಬೀದಿಯನ್ನು ಈಗ ಅಲ್ಲಿ ಬೆಳೆದವರೇ ತೋರಿಸುತ್ತಾರೆ. ರಸ್ತೆಯೇನೂ ಬೇರೆಯಾಗಲಿಲ್ಲ.

ನ್ಯೂ ಆರ್ಲಿಯನ್ಸ್‌ನಲ್ಲಿ 2005ರ ಕತ್ರೀನಾ ಚಂಡಮಾರುತದ ನಂತರ, ಲೋಯರ್ ನೈನ್ತ್ ವಾರ್ಡ್‌ನಲ್ಲಿ ಮನೆ ಕಳೆದುಕೊಂಡವರು ಕೆಸರಿನಲ್ಲಿ ಸಾಮಾನು ಹುಡುಕುತ್ತಿದ್ದರೆ ಎದುರಿಗೆ ಬಸ್ಸುಗಳು ಬಂದು ನಿಲ್ಲತೊಡಗಿದವು, ಒಳಗಿನಿಂದ ಕ್ಯಾಮೆರಾಗಳು. 2006ರಲ್ಲಿ ನಗರಾಡಳಿತ ಆ ಭಾಗಕ್ಕೆ ಪ್ರವಾಸಿ ಬಸ್ಸುಗಳನ್ನು ನಿಷೇಧಿಸಿತು. ಸರಿಯಾದ ತೀರ್ಮಾನ ಅಂತಲೇ ನಾನು ಹೇಳುತ್ತೇನೆ. ಆದರೂ ಅಲ್ಲಿ ಏನಾಯಿತು ಅಂತ ಹೊರಗಿನವರಿಗೆ ತಿಳಿಯಲೇಬೇಕು ಅನ್ನುವವರ ಮಾತನ್ನು ಸುಳ್ಳು ಅನ್ನಲಾರೆ.

ಬಸ್ಸಿಗೆ ಲಗಾಮು ಹಾಕುವುದರಲ್ಲಿ ಅಮೆರಿಕದ ಚಾರ್ಲ್ಸ್‌ಟನ್ ನಗರದ್ದು ಹಳೇ ಕೈ. 1931ರಲ್ಲೇ ಹಳೇ ಬಡಾವಣೆಯನ್ನು ಕಾಪಾಡಲು ನಿಯಮ ಮಾಡಿದ ಊರದು. ಅಲ್ಲಿ ದೊಡ್ಡ ಬಸ್ಸುಗಳು ಬೇಕಾದ ಬೀದಿಗೆಲ್ಲ ನುಗ್ಗುವಂತಿಲ್ಲ. ಪರೀಕ್ಷೆ ಪಾಸಾಗಿ ಪರವಾನಗಿ ಪಡೆಯದೆ ಗೈಡ್ ಆಗುವಂತೆಯೂ ಇರಲಿಲ್ಲ. 2018ರಲ್ಲಿ ನ್ಯಾಯಾಲಯ ಆ ಪರವಾನಗಿ ನಿಯಮವನ್ನು ರದ್ದು ಮಾಡಿತು. ಮಾತಾಡಲು ಯಾರಿಗೂ ಸರ್ಕಾರದ ಅಪ್ಪಣೆ ಬೇಕಿಲ್ಲ ಅನ್ನುವುದು ವಾದವಾಗಿತ್ತು. ವಾಷಿಂಗ್ಟನ್ನಿನ ಗೈಡ್ ಪರೀಕ್ಷೆಯೂ 2014ರಲ್ಲಿ ಹೀಗೇ ಬಿದ್ದುಹೋಗಿತ್ತು. ಅಂದರೆ ಬಸ್ಸು ಎಲ್ಲಿ ಓಡಬೇಕು ಅಂತ ಊರು ಹೇಳಬಹುದು, ಬಸ್ಸಿನೊಳಗೆ ಯಾರು ಮಾತಾಡಬೇಕು ಅಂತ ಹೇಳುವುದು ಕಷ್ಟ.

ಉಳಿದ ಊರುಗಳು ರಸ್ತೆಯನ್ನೇ ಹಿಡಿದುಕೊಂಡವು. ರೋಮ್ 2019ರ ಜನವರಿಯಿಂದ ಪ್ರವಾಸಿ ಕೋಚ್‌ಗಳನ್ನು, ಅಂದರೆ ಗುಂಪುಗಳನ್ನು ತರುವ ದೊಡ್ಡ ಬಸ್ಸುಗಳನ್ನು, ಹಳೇ ನಗರದ ನಡುಭಾಗದಿಂದ ದೂರ ಇಟ್ಟಿತು. ಆಮ್‌ಸ್ಟರ್‌ಡ್ಯಾಮ್ 2024ರ ಜನವರಿಯಿಂದ ಏಳೂವರೆ ಟನ್‌ಗಿಂತ ಭಾರದ ಕೋಚ್‌ಗಳನ್ನು ಒಳಗೆ ಬಿಡುತ್ತಿಲ್ಲ. ಇಂಥ ಊರುಗಳಲ್ಲಿ ಕೋಚು ಹೊರಗಿನ ರಸ್ತೆಯಲ್ಲೇ ನಿಲ್ಲುತ್ತದೆ, ಜನ ಇಳಿದು ಟ್ರ್ಯಾಮ್ ಹತ್ತಬೇಕು, ಇಲ್ಲ ನಡೆಯಬೇಕು. ಗೈಡ್ ಕೂಡ ಮೈಕು ಸೀಟಿನ ಮೇಲಿಟ್ಟು ಅವರ ಜೊತೆ ಇಳಿಯುತ್ತಾರೆ. ಮನೆಗಳು ಈಗ ಮೂರು ಸೆಕೆಂಡಿಗೆ ಓಡಿಹೋಗುವುದಿಲ್ಲ. ಬಾಗಿಲಲ್ಲಿ ನಿಂತ ಮನೆಯವರಿಗೂ ಗೈಡ್ ಹೇಳುವ ಪ್ರತಿ ಮಾತು ಕೇಳಿಸುತ್ತದೆ, ತಪ್ಪಿದ್ದರೆ ಅವರು ಅಲ್ಲೇ ಹೇಳುತ್ತಾರೆ.