ಬ್ಯಾಳಿ ಬೇಯೋತನಕ ಹುಣಸಿ ದೂರ ಇರ್ಲಿ

ನಮ್ಮ ಕಲಬುರಗಿ ತೊಗರಿ ಬ್ಯಾಳಿಗಿ 2019ರಾಗ ಜಿಐ ಟ್ಯಾಗ್ ಸಿಕ್ಕದ. ಅಂಥಾ ಬ್ಯಾಳಿನೂ ಐದಾರು ಸೀಟಿ ಹೊಡದ ಮ್ಯಾಲ ಹಂಗೇ ಕಾಳು ಕಾಳಾಗಿ ಉಳೀತಂದ್ರ ಮಂದಿ ಅಂಗಡಿಯವನಿಗಿ ಬೈತಾರ, ಇಲ್ಲಾ ಯಾರದ್ದೋ ದೃಷ್ಟಿ ಬಿದ್ದದ ಅಂತ ಮೆಣಸಿನಕಾಯಿ ಇಳಿಸಿ ಒಗೀತಾರ. ದೃಷ್ಟಿ ಗಿಷ್ಟಿ ಏನೂ ಇಲ್ರಿ, ಕುಕ್ಕರಿಗಿ ಹುಣಸಿ ಪೇಸ್ಟ್ ಯಾವಾಗ ಹಾಕಿದ್ರಿ ಅದನ್ನ ಮೊದಲ ನೋಡ್ರಿ. ಹಣ್ಣು ನೆನೆಸಿ, ಕಿವುಚಿ, ಸೋಸೋದ್ರಾಗ ಬ್ಯಾಳಿ ತಾನೇ ಬೆಂದಿರ್ತಿತ್ತು, ಈಗ ಬಾಟ್ಲಿ ಪೇಸ್ಟ್ ಬಂದು ಎಲ್ಲಾ ಒಮ್ಮೆಲೇ ಹಾಕಿ ಮುಚ್ಚಳ ಹಾಕೋದು ಸಲೀಸಾಗ್ಯದ.

ಬ್ಯಾಳಿ ಒಳಗಿನ ಜೀವಕೋಶಗಳನ್ನ ಒಂದಕ್ಕೊಂದು ಹಿಡಿದಿಟ್ಟಿರೋದು ಪೆಕ್ಟಿನ್, ಶಹಾಬಾದ್ ಕಲ್ಲಿನ ಗ್ವಾಡಿಯಾಗ ಕಲ್ಲು ಕಲ್ಲಿನ ನಡುವ ಗಚ್ಚು ಇದ್ದಂಗ. ಕುದಿಯೋ ನೀರಾಗ ಈ ಪೆಕ್ಟಿನ್ ತುಂಡು ತುಂಡಾಗಿ ಕರಗ್ತದ, ಗಚ್ಚು ಹೋತಂದ್ರ ಕಲ್ಲು ತಾವೇ ಕಳಚ್ತಾವ, ಅದಕ್ಕೇ ನಾವು ಬ್ಯಾಳಿ ಬೆಂತು ಅಂತೀವಿ. ಆದ್ರ ಈ ತುಂಡಾಗೋ ಕೆಲಸ ಪಿಎಚ್ ಮ್ಯಾಲ, ಅಂದ್ರ ಹುಳಿ ಅಳಿಯೋ ಅಂಕಿ ಮ್ಯಾಲ ನಿಂತದ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. 7ರ ಆಸುಪಾಸು ಚಲೋ ನಡೀತದ, 4ರ ಹತ್ರ ಬಂತಂದ್ರ ಭಾಳ ಅಂದ್ರ ಭಾಳ ನಿಧಾನ. ಹುಣಸಿ ತಿರುಳಿನಾಗ ತೂಕದ ಲೆಕ್ಕಕ್ಕ ಸುಮಾರು ಶೇಕಡಾ 8ರಿಂದ 18ರಷ್ಟು ಟಾರ್ಟಾರಿಕ್ ಆಮ್ಲನೇ ಇರ್ತದ, ಮತ್ತ ಅದು ಕುದ್ದು ಹೋಗೋ ಪೈಕಿ ಅಲ್ಲ. ವಿನೆಗರಿನ ಅಸಿಟಿಕ್ ಆಮ್ಲ ಹಬೆ ಜೊತಿ ಹಾರ್ತದ, ಇದು ಹಾರಲ್ಲ, ಇನ್ನೆರಡು ಸೀಟಿ ಹೊಡಿಸಿದ್ರೂ ಹುಳಿ ಅಲ್ಲೇ ಕುಂತಿರ್ತದ.

ಈ ಆಮ್ಲದ ಕಥಿ ಎಷ್ಟು ಚಂದ ಅದ ಅಂದ್ರ, ದ್ರಾಕ್ಷಿ ವೈನಿನ ಪೀಪಾಯಿಯೊಳಗ ಗಟ್ಟಿಯಾಗಿ ಕೂಡೋ ಟಾರ್ಟರಿನಿಂದ 1769ರಾಗ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಷೀಲೆ ಇದನ್ನ ಬ್ಯಾರೆ ಮಾಡಿದ. 1848ರಾಗ ಇನ್ನೂ 25 ವರ್ಷದ ಲೂಯಿ ಪಾಶ್ಚರ್ ಇದೇ ಆಮ್ಲದ ಲವಣದಾಗ ಒಂದು ಇನ್ನೊಂದರ ಕನ್ನಡಿ ಬಿಂಬ ಆಗಿರೋ ಎರಡು ನಮೂನಿ ಹರಳು ಕಂಡು, ಅವನ್ನ ಕೈಲೇ ಆರಿಸಿ ಆರಿಸಿ ಬ್ಯಾರೆ ಇಟ್ಟ. ಅಣುವಿಗೂ ಎಡ ಬಲ ಅದ ಅನ್ನೋದು ಅಲ್ಲಿಂದ ಶುರು, ಇವತ್ತು ಔಷಧ ತಯಾರಿಸೋರು ಆ ವಿಚಾರ ಬಿಟ್ಟು ಹೆಜ್ಜಿ ಇಡಲ್ಲ. ದ್ರಾಕ್ಷಿಯಾಗೂ ನಮ್ಮ ಹುಣಸಿಯಾಗೂ ಇರೋದು ಒಂದೇ ನಮೂನಿದು.

ಉಪ್ಪು ಮೊದಲೇ ಹಾಕಿದ್ರ ಬ್ಯಾಳಿ ಬೇಯಲ್ಲ ಅಂತಾರಲ್ಲ, ಅದು ಸುಳ್ಳು. ಪೆಕ್ಟಿನ್ನಿಗಿ ಗಟ್ಟಿತನ ಕೊಡೋದು ಕ್ಯಾಲ್ಸಿಯಂ, ಉಪ್ಪಿನ ಸೋಡಿಯಂ ಅದರ ಜಾಗ ಸ್ವಲ್ಪ ಕಸಗೊಂಡು ಬೇಯಾಕ ಸಹಾಯನೇ ಮಾಡ್ತದ. ಸೇಡಂ, ಚಿತ್ತಾಪುರ ಕಡಿ ನೆಲದಾಗ ಸುಣ್ಣದಕಲ್ಲು ಅದ, ಬೋರ್‌ವೆಲ್ ನೀರು ಗಡಸು ಇದ್ರ ಆ ಕ್ಯಾಲ್ಸಿಯಂ ಮತ್ತಷ್ಟು ಸೇರ್ತದ, ಮ್ಯಾಲ ಹುಣಸಿನೂ ಬಿದ್ರ ಗ್ಯಾಸ್ ಸುಮ್ಮನ ದಂಡ. ಸೋಡಾ ಹಾಕಿದ್ರ ಲಗೂನ ಬೇಯ್ತದ ಖರೆ, ಆದ್ರ ಬಿ1 ಜೀವಸತ್ವ ಹಾಳಾಗ್ತದ, ಅದು ಬ್ಯಾಡ್ರಿ.

ಬ್ಯಾಳಿ ಬೆರಳಿಗಿ ನುಣ್ಣಗ ಸಿಕ್ಕ ಮ್ಯಾಲ ಹುಣಸಿ ಬಿಟ್ಟು ಐದ್ಹತ್ತು ನಿಮಿಷ ಕುದಿಸ್ರಿ. ಬದನಿಕಾಯಿ, ನುಗ್ಗಿಕಾಯಿದು ಮಾತ್ರ ಉಲ್ಟಾ: ಸಾರಿನಾಗ ಕರಗಿ ಹೋಗಬಾರದು, ಹೋಳು ಹೋಳಾಗೇ ಇರಬೇಕು ಅಂದ್ರ ಹುಳಿ ಬಿಟ್ಟ ಮ್ಯಾಲೇ ಅವನ್ನ ಹಾಕ್ರಿ.