ಕಲರ್ ಸ್ಕ್ಯಾನ್ ಯಾರಿಗೆ ಬೇಕು?

ಸಿಂಧನೂರು, ಮಾನ್ವಿ, ದೇವದುರ್ಗ ಕಡೆಯಿಂದ ರಾಯಚೂರಿಗೆ ಸೊಸೆಯರನ್ನು ಕರೆತರುವ ಅತ್ತೆಯಂದಿರು ಕೇಳುತ್ತಾರೆ: "ಮೇಡಮ್ರೀ, ಕಲರ್ ಸ್ಕ್ಯಾನ್ ಬರ್ದು ಕೊಡ್ರೀ, ಕೂಸು ಚೊಲೊ ಕಾಣ್ತದಂತ." ಅವರು ಕಲರ್ ಸ್ಕ್ಯಾನ್ ಅನ್ನುವುದು ಕಲರ್ ಡಾಪ್ಲರ್‌ಗೆ. ಅದು ಇರುವುದು ಕೂಸಿನ ಮುಖ ನೋಡುವುದಕ್ಕಲ್ಲ, ರಕ್ತದ ಓಟ ನೋಡುವುದಕ್ಕೆ. ಹೊಟ್ಟೆಯ ಮೇಲೆ ಆಡಿಸುವ ಪ್ರೋಬ್ ಕಡೆಗೆ ಬರುವ ರಕ್ತ ಸಾಮಾನ್ಯವಾಗಿ ಕೆಂಪು, ದೂರ ಹೋಗುವುದು ನೀಲಿ. ಬಣ್ಣದ ಅರ್ಥ ಅಷ್ಟೇ.

ಹೊಕ್ಕುಳಬಳ್ಳಿಯ ಎರಡು ನಾಳಗಳು ಕೂಸಿನ ರಕ್ತವನ್ನು ಮಾಸಿಗೆ (ಪ್ಲಾಸೆಂಟಾಕ್ಕೆ) ಒಯ್ಯುತ್ತವೆ, ಒಂದು ವಾಪಸ್ ತರುತ್ತದೆ. ನಾವು ಮೊದಲು ನೋಡುವುದು ಒಯ್ಯುವ ನಾಳವನ್ನು. ಅದರಲ್ಲೂ ಎರಡು ಬಡಿತಗಳ ನಡುವಿನ ಹೊತ್ತನ್ನು. ಮಾಸು ಚೆನ್ನಾಗಿದ್ದರೆ ಆಗಲೂ ರಕ್ತ ಮುಂದಕ್ಕೆ ಹರಿಯುತ್ತಿರುತ್ತದೆ. ಮಾಸಿನ ಸಣ್ಣ ನಾಳಗಳು ಕೆಟ್ಟರೆ ಹರಿವು ಕಡಿಮೆಯಾಗುತ್ತದೆ, ಆಮೇಲೆ ನಿಲ್ಲುತ್ತದೆ, ಕೊನೆಗೆ ಹಿಂದಕ್ಕೇ ತಿರುಗುತ್ತದೆ. ನಿಂತಿದ್ದರೆ ಸಾಮಾನ್ಯವಾಗಿ 32ರಿಂದ 34 ವಾರಕ್ಕೆ, ತಿರುಗಿದ್ದರೆ 30ರಿಂದ 32 ವಾರಕ್ಕೆ ಹೆರಿಗೆ ಮಾಡಿಸಬೇಕಾಗುತ್ತದೆ. ಅದಕ್ಕೂ ಮೊದಲು ಕೂಸಿನ ಶ್ವಾಸಕೋಶಕ್ಕಾಗಿ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತೇವೆ. ನವಜಾತ ಶಿಶುಗಳ ಐಸಿಯು ಇರುವ ಆಸ್ಪತ್ರೆಗೇ ಹೋಗಿ ಎನ್ನುವುದು ಇದಕ್ಕೇ.

ಆಮೇಲೆ ಮಿದುಳಿನ ನಾಳ. ಬೇಸಿಗೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ಸ್ವಲ್ಪವೇ ನೀರು ಬಿಟ್ಟಾಗ ಕುಡಿಯುವ ನೀರಿನ ಕೆರೆ ಮೊದಲು ತುಂಬಿಸುತ್ತಾರೆ, ಹೊಲ ಆಮೇಲೆ, ಅಲ್ವಾ? ಕೂಸಿನ ದೇಹವೂ ಹಾಗೇ ಮಾಡುತ್ತದೆ. ಆಮ್ಲಜನಕ ಕಡಿಮೆಯಾದರೆ ಮಿದುಳಿಗೆ ಜಾಸ್ತಿ ರಕ್ತ ಕಳಿಸುತ್ತದೆ, ಕಿಡ್ನಿಗೆ ಕಡಿಮೆ ಮಾಡುತ್ತದೆ. ಮೂತ್ರ ಕಡಿಮೆಯಾಗಿ ಗರ್ಭದ ನೀರೂ ಇಳಿಯುತ್ತದೆ. ಎಂಟು ತಿಂಗಳು ದಾಟಿದ ಮೇಲೆ ಬಳ್ಳಿಯ ಹರಿವು ಸರಿಯಿದ್ದು ಮಿದುಳಿನದ್ದು ಮಾತ್ರ ಬದಲಾಗಿರುವುದೂ ಉಂಟು. ಹಾಗಾಗಿ ಎರಡನ್ನೂ ನೋಡಬೇಕು.

ಎಲ್ಲ ಚೆನ್ನಾಗಿರುವ ಬಸುರಿಗೆ ಸುಮ್ನೆ ಡಾಪ್ಲರ್ ಮಾಡಿಸಿದರೆ ಲಾಭ ಕಂಡಿಲ್ಲ. ಬಿಪಿ ಇದ್ದವರಿಗೆ, ಕೂಸು ಬೆಳೆಯದಿದ್ದವರಿಗೆ, ಹಿಂದೊಮ್ಮೆ ಹೊಟ್ಟೆಯಲ್ಲೇ ಕೂಸು ಹೋದವರಿಗೆ, ಒಂದೇ ಮಾಸು ಹಂಚಿಕೊಂಡ ಅವಳಿ ಇದ್ದವರಿಗೆ ಬೇಕೇ ಬೇಕು. ಬಿಪಿ ಇದ್ದವರಲ್ಲೂ, ಕೂಸು ಬೆಳೆಯದವರಲ್ಲೂ ಇದರಿಂದ ಕೂಸಿನ ಸಾವು ಕಡಿಮೆಯಾಗುತ್ತದೆ.

ನನಗೆ ಜಾಸ್ತಿ ಕಾಡುವುದು ಬೇರೆ ವಿಷಯ. ಕುಬಸ ಮುಗಿಸಿ ತವರಿಗೆ ಬರುವ ಹೆಣ್ಣುಮಕ್ಕಳು ಹಳೆಯ ಸ್ಕ್ಯಾನ್ ಕಾಗದ ಗಂಡನ ಮನೆಯಲ್ಲೇ ಬಿಟ್ಟು ಬರುತ್ತಾರೆ. ಬೆಂಗಳೂರಿಗೆ ಗುಳೆ ಹೋದವರದ್ದು ಅಲ್ಲೇ ಉಳಿದಿರುತ್ತದೆ. ಡಾಪ್ಲರ್ ಅಂಕಿಗಳನ್ನು ಓದುವುದು ವಾರದ ಲೆಕ್ಕದಲ್ಲಿ. 28 ವಾರಕ್ಕೆ ಸರಿಯಿರುವ ಅಂಕಿ 36ಕ್ಕೆ ಜಾಸ್ತಿ ಎನಿಸಬಹುದು. ಮೊದಲ ಮೂರು ತಿಂಗಳ ಸ್ಕ್ಯಾನ್ ಇಲ್ಲದಿದ್ದರೆ ಕೂಸು ನಿಜಕ್ಕೂ ಸಣ್ಣದೋ, ದಿನದ ಲೆಕ್ಕವೇ ತಪ್ಪೋ ಹೇಳುವುದು ಕಷ್ಟ. ತಾಯಿ ಕಾರ್ಡ್ ಜೊತೆ ಆ ಒಂದು ಕಾಗದ ಇಟ್ಟುಕೊಳ್ಳಿ. ಮೊಬೈಲ್‌ನಲ್ಲಿ ಫೋಟೊ ಇದ್ದರೂ ಸಾಕು.

ಇನ್ನೊಂದು ಮಾತು. ಮಾಸು ತಟ್ಟನೆ ಬಿಡುವುದನ್ನು, ಬಳ್ಳಿ ಬಿಗಿಯುವುದನ್ನು ಡಾಪ್ಲರ್ ಮೊದಲೇ ಹೇಳಲಾರದು. ರಿಪೋರ್ಟ್ ನಿನ್ನೆ ನಾರ್ಮಲ್ ಬಂದಿದ್ದರೂ ಇವತ್ತು ಕೂಸಿನ ಆಟ ಕಡಿಮೆ ಅನಿಸಿದರೆ ಇವತ್ತೇ ಬನ್ನಿ, ಕೊಟ್ಟ ತಾರೀಖಿಗೆ ಕಾಯಬೇಡಿ.