ವೈಲ್‌ಪ್ಲೂಮ್ ಮತ್ತು ಹಿತ್ತಲ ಸುವರ್ಣಗಡ್ಡೆ

ಪೋಕೆಮಾನ್ ಎಂಬ ವಿಡಿಯೋ ಆಟದ ಕಾಲ್ಪನಿಕ ಜೀವಿಗಳ ಪಟ್ಟಿಯಲ್ಲಿ 45ನೇ ನಂಬರು ವೈಲ್‌ಪ್ಲೂಮ್‌ನದು. ಗಿಡ್ಡ ನೀಲಿ ಮೈ, ತಲೆ ಮೇಲೆ ಮೈಗಿಂತ ದೊಡ್ಡ ಕೆಂಪು ಹೂ. ಐದು ದಪ್ಪ ದಳ, ದಳದ ತುಂಬ ಬಿಳಿ ಮಚ್ಚೆ. ಎತ್ತರ 1.2 ಮೀಟರ್, ತೂಕ 18.6 ಕಿಲೋ. ಒಂದೊಂದು ಹೆಜ್ಜೆಗೂ ದಳ ಅಲುಗಿ ವಿಷದ ಪರಾಗ ಮೋಡವಾಗಿ ಏಳುತ್ತದೆ ಅಂತ ಆಟದ ವಿವರಣೆ ಹೇಳುತ್ತದೆ. ಇದರ ಹಿಂದಿನ ಅವಸ್ಥೆ ಗ್ಲೂಮ್. ಅದರ ಬಾಯಿಂದ ಸದಾ ಜೊಲ್ಲು, ಹೂವಿನಿಂದ ತಡೆಯಲಾಗದ ಗಬ್ಬು ವಾಸನೆ. ಹೆದರಿದರೆ ವಾಸನೆ ಇನ್ನೂ ಜಾಸ್ತಿ. ನೆಮ್ಮದಿಯಾಗಿದ್ದರೆ ವಾಸನೆಯೇ ಇಲ್ಲ.

ಇದೆಲ್ಲ ನನ್ನ ತಂಗಿಯ ಮಗನಿಗೆ ಬಾಯಿಪಾಠ. ಬೇಸಿಗೆ ರಜೆಗೆ ಮಡಿಕೇರಿ ಹತ್ತಿರದ ನಮ್ಮ ಮನೆಗೆ ಬಂದಿದ್ದ. ನಾಲ್ಕು ಹನಿ ಮಳೆ ಬಿದ್ದದ್ದೇ ತಡ, ಬಚ್ಚಲು ಮನೆಯ ಹಿಂದೆ ಸುವರ್ಣಗಡ್ಡೆ ಹೂ ಬಿಟ್ಟಿತು. ಎಲೆ ಇಲ್ಲ, ಕಾಂಡ ಇಲ್ಲ. ನೆಲದಿಂದ ನೇರ ಎದ್ದ ಕಂದುಗೆಂಪು ಬಟ್ಟಲು, ಅದರ ನಡುವೆ ಸುಕ್ಕುಸುಕ್ಕಾದ ನೇರಳೆ ಗುಂಡು. ಸಂಜೆಗೆ ಇಡೀ ಹಿತ್ತಲು ಸತ್ತ ಹೆಗ್ಗಣದ ವಾಸನೆ. ಹುಡುಗ ಮೂಗು ಮುಚ್ಚಿಕೊಂಡು ಹೇಳಿದ, "ಮಾವ, ಮುಟ್ಟಬೇಡಿ, ಇದು ಪಾಯ್ಸನ್ ಟೈಪ್." ಆಟದಲ್ಲಿ ವಿಷದ ಜೀವಿಗಳ ಗುಂಪಿಗೆ ಆ ಹೆಸರು. ಬೇಲಿಯಾಚೆಯಿಂದ ಪಕ್ಕದ ಮನೆ ಅಕ್ಕ ಇನ್ನೊಂದು ಹೇಳಿದರು. "ಕಡಿದು ಮಣ್ಣು ಮುಚ್ಚಿಬಿಡಿ. ಇಂಥದ್ದು ಮನೆ ಹತ್ತಿರ ಅರಳಬಾರದು. ಗಾಳಿ ಕುಡಿದರೂ ಕೇಡು."

ಒಬ್ಬನಿಗೆ ಹತ್ತು ವರ್ಷ, ಇನ್ನೊಬ್ಬರಿಗೆ ಎಪ್ಪತ್ತರ ಹತ್ತಿರ. ನಂಬಿಕೆ ಮಾತ್ರ ಒಂದೇ: ನಾರುವುದೆಲ್ಲ ವಿಷ. ನನಗೆ ಇದರ ಮೇಲೆ ಹಳೆಯ ಸಿಟ್ಟು.

ವೈಲ್‌ಪ್ಲೂಮ್‌ಗೆ ಮಾದರಿ ಯಾವುದು ಅನ್ನುವುದರಲ್ಲಿ ಗುಟ್ಟೇನಿಲ್ಲ. ಜಪಾನಿನಲ್ಲಿ 1996ರಲ್ಲಿ ಮೊದಲ ಆಟ ಬಂದಾಗ ಇದಕ್ಕಿಟ್ಟ ಹೆಸರೇ ರಾಫ್ಲೇಸಿಯಾ. ಜಗತ್ತಿನ ಅತಿ ದೊಡ್ಡ ಒಂಟಿ ಹೂ ಅದು. ಹೊರ ಜಗತ್ತಿಗೆ ಅದು ಗೊತ್ತಾದ ಕತೆ ಸ್ವಾರಸ್ಯವಾಗಿದೆ. 1818ರ ಮೇ ತಿಂಗಳು, ಸುಮಾತ್ರಾದ ಕಾಡು. ಈಸ್ಟ್ ಇಂಡಿಯಾ ಕಂಪನಿಯ ಸ್ಟ್ಯಾಂಫರ್ಡ್ ರಾಫೆಲ್ಸ್, ಜೊತೆಗೆ ಡಾಕ್ಟರ್ ಜೋಸೆಫ್ ಆರ್ನಾಲ್ಡ್. ಮುಂದೆ ಹೋಗಿದ್ದ ಮಲಯ ಆಳು ಓಡಿ ಬಂದು, ಬನ್ನಿ ಸ್ವಾಮಿ, ಭಾರಿ ದೊಡ್ಡ ಹೂ ಇದೆ ಅಂತ ಕರೆದ. ಆರ್ನಾಲ್ಡ್ ಅಳೆದು ನೋಡಿದರು. ಅಗಲ ಒಂದು ಗಜ, ತೂಕ 15 ಪೌಂಡ್, ಅಂದರೆ ಸುಮಾರು 7 ಕಿಲೋ. ಕೆಟ್ಟ ದನದ ಮಾಂಸದ ವಾಸನೆ, ಮೇಲೆ ನೊಣಗಳ ಹಿಂಡು ಅಂತ ಪತ್ರದಲ್ಲಿ ಬರೆದರು. ಅದೇ ವರ್ಷ ಜುಲೈನಲ್ಲಿ ಜ್ವರ ಬಂದು ತೀರಿಕೊಂಡರು. ಹೂವಿಗೆ ಸಾಹೇಬರಿಬ್ಬರ ಹೆಸರೂ ಸೇರಿ ರಾಫ್ಲೇಸಿಯಾ ಆರ್ನಾಲ್ಡೈ ಆಯಿತು. ಹೂ ಕಂಡ ಆಳು ಆ ಪತ್ರದಲ್ಲಿ ಬರೀ "ಮಲಯ ಆಳು".

ಸಾಹೇಬರಿಗಿಂತ ಮೊದಲೇ, 1797ರಲ್ಲಿ, ದೆಶಾಂ ಎಂಬ ಫ್ರೆಂಚ್ ವಿಜ್ಞಾನಿ ಜಾವಾದಲ್ಲಿ ಇದರ ಇನ್ನೊಂದು ಜಾತಿಯನ್ನು ಕಂಡು ಚಿತ್ರ, ಟಿಪ್ಪಣಿ ಎಲ್ಲ ಮಾಡಿಟ್ಟಿದ್ದರು. ಊರಿಗೆ ಮರಳುವಾಗ ಅವರ ಹಡಗನ್ನು ಬ್ರಿಟಿಷರು ಹಿಡಿದರು, ಕಾಗದ ಪತ್ರ ಕಿತ್ತುಕೊಂಡರು. ಹೂವಿನ ಹೆಸರಿಗೂ ಯುದ್ಧ ಬೇಕಾಯಿತು ನೋಡಿ.

ಈಗ ಆಟದ ಮೊದಲ ಎಡವಟ್ಟಿಗೆ ಬರೋಣ. ವೈಲ್‌ಪ್ಲೂಮ್‌ಗೆ ಆಟದಲ್ಲಿ ಕೊಟ್ಟಿರುವ ವಿಶೇಷ ಶಕ್ತಿಯ ಹೆಸರು ಕ್ಲೋರೊಫಿಲ್, ಅಂದರೆ ಎಲೆಯ ಹಸಿರು. ಬಿಸಿಲು ಬಿದ್ದರೆ ಅದರ ವೇಗ ಎರಡು ಪಟ್ಟು. ಕಿಸಕ್ಕನೆ ನಕ್ಕೆ. ರಾಫ್ಲೇಸಿಯಾದ ಮೈಯಲ್ಲಿ ಹಸಿರು ಅನ್ನುವುದೇ ಇಲ್ಲ! ಎಲೆ ಇಲ್ಲ, ಕಾಂಡ ಇಲ್ಲ, ಬೇರೂ ಇಲ್ಲ. ದ್ರಾಕ್ಷಿ ಕುಟುಂಬದ ಟೆಟ್ರಾಸ್ಟಿಗ್ಮಾ ಎಂಬ ಕಾಡು ಬಳ್ಳಿಯ ಒಳಗೆ ಸಣ್ಣ ಎಳೆಗಳಾಗಿ ಅಡಗಿರುತ್ತದೆ. ಅನ್ನ, ನೀರು ಎಲ್ಲ ಬಳ್ಳಿಯದೇ. ಹೊರಗೆ ಕಾಣುವುದು ಹೂ ಒಂದೇ. ನಮ್ಮ ಮಾವಿನ ಮರಕ್ಕೆ ಹತ್ತುವ ಬಂದಳಿಕೆಯೂ ಪರಾವಲಂಬಿಯೇ. ಆದರೆ ಅದಕ್ಕೆ ಹಸಿರೆಲೆ ಇದೆ. ನೀರು ಕದ್ದರೂ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ರಾಫ್ಲೇಸಿಯಾ ಅಡುಗೆಮನೆಯನ್ನೇ ಮುಚ್ಚಿಬಿಟ್ಟಿದೆ. ಹಸಿರು ಇರಬೇಕಾದ ಕ್ಲೋರೊಪ್ಲಾಸ್ಟಿಗೆ ಅದರದೇ ಡಿಎನ್‌ಎ ಇರುತ್ತದಲ್ಲ, 2014ರಲ್ಲಿ ಫಿಲಿಪ್ಪೀನ್ಸ್‌ನ ಒಂದು ರಾಫ್ಲೇಸಿಯಾ ಜಾತಿಯಲ್ಲಿ ಅದನ್ನು ಹುಡುಕಿದವರಿಗೆ ಆ ಡಿಎನ್‌ಎಯೇ ಸಿಗಲಿಲ್ಲ. ಇಂಥ ಹೂವಿಗೆ ಬಿಸಿಲಿನ ಶಕ್ತಿ ಕೊಟ್ಟಿದ್ದಾರೆ.

ಇದರ ನೆಂಟರು ಯಾರು ಅಂತ 2007ರಲ್ಲಿ ಡಿಎನ್‌ಎ ನೋಡಿ ಪತ್ತೆ ಹಚ್ಚಿದರು. ಹರಳೆಣ್ಣೆ ಗಿಡ, ಮರಗೆಣಸು, ಸಂಪಾಜೆ ಕಡೆ ಬೆಳೆಯುವ ರಬ್ಬರ್, ಇವೆಲ್ಲ ಇರುವ ಕುಟುಂಬ. ಅಲ್ಲಿ ಹೂವೆಂದರೆ ಕಣ್ಣು ಕಿರಿದು ಮಾಡಿ ನೋಡಬೇಕು. ಅಂಥ ಪುಟಾಣಿ ಹೂವಿನ ಅಡ್ಡಗಲ 70ಕ್ಕೂ ಹೆಚ್ಚು ಪಟ್ಟು ಹಿಗ್ಗಿ ರಾಫ್ಲೇಸಿಯಾ ಆಗಿದೆ. ಅದರ ದೂರದ ತಂಗಿ ಸಪ್ರಿಯಾ ನಮ್ಮ ದೇಶದಲ್ಲೂ ಇದೆ, ಅರುಣಾಚಲದ ನಾಮ್‌ದಾಫಾ ಕಾಡಿನಲ್ಲಿ. ಕೊಡಗಿನಲ್ಲಿ ರಾಫ್ಲೇಸಿಯಾ ವಂಶದ ಯಾರೂ ಇಲ್ಲ. ಆದರೆ ಅದೇ ಕಸುಬು ಮಾಡುವ ಬೇರೆ ಕುಲದವರು ಇದ್ದಾರೆ. ಹಿತ್ತಲ ಸುವರ್ಣಗಡ್ಡೆ ಅವರಲ್ಲೊಬ್ಬ.

ಕಸುಬು ಅಂದರೆ ನೊಣ ಕರೆಯುವುದು. ಸತ್ತ ಪ್ರಾಣಿಯ ಮಾಂಸದಲ್ಲಿ ಗಂಧಕ ಇರುವ ಅಮೈನೊ ಆಮ್ಲಗಳಿರುತ್ತವೆ. ಬ್ಯಾಕ್ಟೀರಿಯಾ ಅವನ್ನು ಒಡೆದಾಗ ಡೈಮೀಥೈಲ್ ಡೈಸಲ್ಫೈಡ್, ಡೈಮೀಥೈಲ್ ಟ್ರೈಸಲ್ಫೈಡ್ ಎಂಬ ಅನಿಲಗಳು ಏಳುತ್ತವೆ. ಮಾಂಸದ ನೊಣಕ್ಕೆ ಅದು ಊಟದ ಕರೆ, ಹೆರಿಗೆ ಮನೆಯ ವಿಳಾಸ ಕೂಡ. ಅಲ್ಲೇ ಅದು ಮೊಟ್ಟೆ ಇಡುವುದು. ರಾಫ್ಲೇಸಿಯಾ ಮತ್ತು ಸುವರ್ಣಗಡ್ಡೆಯ ಬಳಗ ಮಾಂಸವೂ ಇಲ್ಲದೆ, ಕೊಳೆಯುವುದೂ ಇಲ್ಲದೆ, ಇದೇ ಅನಿಲಗಳನ್ನು ತಾವೇ ತಯಾರಿಸುತ್ತವೆ. ಮೋಸ ಹೋದ ನೊಣ ಹೂವಿನ ಮೇಲೆ ಮೊಟ್ಟೆ ಇಟ್ಟರೆ ಮರಿ ಹುಳಕ್ಕೆ ತಿನ್ನಲು ಏನೂ ಇರುವುದಿಲ್ಲ. ಹಾಗಾದರೆ ನೊಣ ಬುದ್ಧಿ ಕಲಿಯಬಾರದೇ? ಕಲಿತರೆ ಅದಕ್ಕೇ ನಷ್ಟ. ಈ ವಾಸನೆಯನ್ನು ಕಡೆಗಣಿಸುವ ನೊಣ ನಿಜವಾದ ಹೆಣವನ್ನೂ ಕಳೆದುಕೊಳ್ಳುತ್ತದೆ.

ಗ್ಲೂಮ್ ತಲೆಕೆಳಗಾಗಿರುವುದು ಇಲ್ಲೇ. ಅಪಾಯ ಬಂದಾಗ ನಾರುವುದು ಓಡಿಸುವ ಪ್ರಾಣಿಯ ಗುಣ. ಹೂ ನಾರುವುದು ಕರೆಯುವುದಕ್ಕೆ. ನಿಮ್ಮ ಮೂಗಿಗೆ ಸಂಬಂಧವೇ ಇಲ್ಲದ ಮಾತು ಅದು. ಕದ್ದು ಕೇಳಿಸಿಕೊಂಡು ಬೈದರೆ ಹೂವೇನು ಮಾಡೀತು? ಗ್ಲೂಮ್‌ನ ಜೊಲ್ಲು ಜೊಲ್ಲಲ್ಲ, ಬೇಟೆಯನ್ನು ಸೆಳೆಯುವ ಮಕರಂದ ಅಂತ ಆಟದ ಹಳೆಯ ಟಿಪ್ಪಣಿ ಒಂದಿದೆ. ಅದನ್ನು ಬರೆದವರು ಸರಿಯಾದ ದಾರಿಯಲ್ಲೇ ಇದ್ದರು. ಸಾವಿರದಲ್ಲಿ ಒಬ್ಬರಿಗೆ ಗ್ಲೂಮ್ ವಾಸನೆ ಇಷ್ಟವಾಗುತ್ತದೆ ಅಂತ ಇನ್ನೊಂದು ಟಿಪ್ಪಣಿ. ಆ ಒಬ್ಬರು ನೊಣವೇ ಇರಬೇಕು.

ಸುವರ್ಣಗಡ್ಡೆಯ ಬಿಸಿಯ ವಿಷಯ ಹೇಳದೆ ಮುಂದೆ ಹೋಗಲು ನನ್ನಿಂದಾಗದು. ಹೂ ಅರಳಿದ ಸಂಜೆ ನಡುವಿನ ಆ ನೇರಳೆ ಗುಂಡು ಸುತ್ತಲ ಗಾಳಿಗಿಂತ ಬೆಚ್ಚಗಾಗುತ್ತದೆ. ಗಿಡವೊಂದು ಜ್ವರ ಬರಿಸಿಕೊಳ್ಳುವುದು! ಈ ಬಳಗದ ಹೂ ಬಿಸಿಯಾಗುವುದನ್ನು 1778ರಲ್ಲೇ ಫ್ರಾನ್ಸಿನ ಲಮಾರ್ಕ್ ಬರೆದಿದ್ದರು. ಕಾರಣ ತಿಳಿಯಲು ಇನ್ನೂರು ವರ್ಷ ಬೇಕಾಯಿತು. ಗಿಡ, ಪ್ರಾಣಿಗಳ ಬಹುತೇಕ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯಾ ಇರುತ್ತದೆ, ಸಕ್ಕರೆ ಉರಿಸಿ ಎಟಿಪಿ ಎಂಬ ಶಕ್ತಿಯ ಅಣು ಮಾಡುತ್ತದೆ. ಮಾಮೂಲಿ ದಾರಿಯಲ್ಲಿ ಎಲೆಕ್ಟ್ರಾನುಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ, ಇಳಿಯುವಾಗ ಎಟಿಪಿ ತಯಾರಾಗುತ್ತದೆ. ಗಿಡಗಳಲ್ಲಿ ಇನ್ನೊಂದು ಅಡ್ಡದಾರಿ ಇದೆ. ಆಲ್ಟರ್ನೇಟಿವ್ ಆಕ್ಸಿಡೇಸ್ ಎಂಬ ಕಿಣ್ವ ಎಲೆಕ್ಟ್ರಾನುಗಳನ್ನು ನಡುವಿನಲ್ಲೇ ಇಳಿಸಿಬಿಡುತ್ತದೆ. ಮಾಂದಲಪಟ್ಟಿ ಬೆಟ್ಟ ಹತ್ತುವ ಜೀಪನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಆಕ್ಸಿಲೇಟರ್ ತುಳಿದರೆ ಡೀಸೆಲ್ ಉರಿಯುತ್ತದೆ, ಎಂಜಿನ್ ಕಾಯುತ್ತದೆ, ಚಕ್ರ ಒಂದು ಅಂಗುಲವೂ ಉರುಳುವುದಿಲ್ಲ. ಇಲ್ಲೂ ಅಷ್ಟೇ. ಗಡ್ಡೆಯಲ್ಲಿ ಕೂಡಿಟ್ಟ ಪಿಷ್ಟ ಉರಿದು ಬರೀ ಬಿಸಿಯಾಗುತ್ತದೆ.

ದಂಡ ಅಂತ ಅನಿಸಬಹುದು. ಅಲ್ಲ. ಬಿಸಿಯಾದಷ್ಟೂ ಆ ಗಂಧಕದ ಅಣುಗಳು ಬೇಗ ಆವಿಯಾಗಿ ದೂರ ಹೋಗುತ್ತವೆ. ಈ ಬಿಸಿಗೆ ಯಾರು ಚಾಲೂ ಕೊಡುತ್ತಾರೆ ಅನ್ನುವುದು 1987ರಲ್ಲಿ ಗೊತ್ತಾಯಿತು. ಇದೇ ಕುಟುಂಬದ ವೂಡೂ ಲಿಲಿಯಲ್ಲಿ ಆ ಸಂಕೇತ ಸ್ಯಾಲಿಸಿಲಿಕ್ ಆಮ್ಲ. ತಲೆನೋವಿಗೆ ನುಂಗುವ ಆಸ್ಪಿರಿನ್‌ನ ಹತ್ತಿರದ ಸಂಬಂಧಿ. ನಮಗೆ ಜ್ವರ ಇಳಿಸುವ ಮನೆತನದ್ದೇ ಒಂದು ಅಣು ಅಲ್ಲಿ ಜ್ವರ ಏರಿಸುತ್ತದೆ.

ಸಮಯದ ಲೆಕ್ಕವೂ ಚೊಕ್ಕ. ಒಂದೇ ಹೂವಿನಂತೆ ಕಂಡರೂ ಬಟ್ಟಲಿನ ತಳದಲ್ಲಿ ಸಣ್ಣ ಹೆಣ್ಣು ಹೂಗಳು, ಅದರ ಮೇಲೆ ಗಂಡು ಹೂಗಳು. ಮೊದಲ ದಿನ ಹೆಣ್ಣಿನ ಸರದಿ. ಆಗಲೇ ವಾಸನೆ ಜೋರು. ಬೇರೆ ಹೂವಿಂದ ಪರಾಗ ಮೆತ್ತಿಕೊಂಡು ಬಂದ ಜೀರುಂಡೆ, ನೊಣ ತಳಕ್ಕೆ ಇಳಿಯುತ್ತವೆ. ಮರುದಿನ ಗಂಡು ಹೂಗಳಿಂದ ಪರಾಗ ಉದುರಿ ಅವುಗಳ ಮೈಗೆ ಅಂಟುತ್ತದೆ. ಅಷ್ಟು ಹೊತ್ತಿಗೆ ವಾಸನೆ ಇಳಿದಿರುತ್ತದೆ. ತನ್ನ ಪರಾಗ ತನಗೇ ತಾಗದ ಹಾಗೆ ಒಂದು ದಿನದ ಅಂತರ.

ಇದಕ್ಕಿಂತ ಕ್ರೂರಿ ಬೇಕಾದರೆ ಮಳೆಗಾಲದಲ್ಲಿ ಘಟ್ಟದ ಕಾಡಿನಲ್ಲಿ ಹಾವಿನ ಹೆಡೆಯ ಆಕಾರದಲ್ಲಿ ಏಳುವ ಕೋಬ್ರಾ ಲಿಲಿಗಳನ್ನು ನೋಡಿ. ಇವಕ್ಕೆ ಬೇಕಾದದ್ದು ಅಣಬೆಯ ಸಣ್ಣ ನೊಣ. ಈ ಬಳಗದ ಹಲವು ಜಾತಿಗಳಲ್ಲಿ ಗಂಡು ಗಿಡದ ಹೂವಿನ ತಳದಲ್ಲಿ ಒಂದು ಕಿಂಡಿ ಇರುತ್ತದೆ. ನೊಣ ಪರಾಗ ಹೊತ್ತು ಹೊರಬೀಳಬಹುದು. ಹೆಣ್ಣು ಹೂವಿನಲ್ಲಿ ಕಿಂಡಿ ಇಲ್ಲ. ಪರಾಗ ತಲುಪಿಸಿದ ನೊಣ ಅಲ್ಲೇ ಸಾಯುತ್ತದೆ. ಆಟ ಮಾಡುವವರಿಗೆ ಇದು ಹೊಳೆದಿದ್ದರೆ ಮಕ್ಕಳು ರಾತ್ರಿ ಮಲಗುತ್ತಿರಲಿಲ್ಲ.

ಇನ್ನು ವಿಷದ ಪರಾಗದ ಮೋಡ. ನೊಣದ ಬೆನ್ನೇರಿ ಹೋಗಬೇಕಾದ ಪರಾಗ ಗಾಳಿಯಲ್ಲಿ ಹಾರಿದರೆ ಹೂವಿಗೆ ಪೂರ್ತಿ ಲುಕ್ಸಾನು. ರಾಫ್ಲೇಸಿಯಾದ ಪರಾಗ ಪುಡಿಯೇ ಅಲ್ಲ, ಅಂಟಂಟು ಲೋಳೆ. ನೊಣದ ಬೆನ್ನಿಗೆ ಮೆತ್ತಿ ಒಣಗುತ್ತದೆ. ಗಾಳಿಗೆ ಹಾರುವ ಪರಾಗ ಬೇಕೆಂದರೆ ಹುಲ್ಲು, ಜೋಳದ ಕಡೆ ನೋಡಬೇಕು. ಅವುಗಳ ಹೂವಿಗೆ ಬಣ್ಣವೂ ಇಲ್ಲ, ಘಮವೂ ಇಲ್ಲ. ಕರೆಯಬೇಕಾದವರು ಯಾರೂ ಇಲ್ಲವಲ್ಲ! ಸೀನು, ದಮ್ಮು ತರುವುದರಲ್ಲಿ ಇಂಥ ಒಣ ಪರಾಗದ ಪಾಲೇ ದೊಡ್ಡದು. ಪ್ರಕೃತಿ ಮಾತ್ರ ಯಾವ ನಿಯಮವನ್ನೂ ನೆಟ್ಟಗೆ ಪಾಲಿಸುವುದಿಲ್ಲ. ನಮ್ಮ ರೋಬಸ್ಟಾ ಕಾಫಿಯನ್ನೇ ನೋಡಿ. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು. ಹೂಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ತೋಟ ಬೆಳ್ಳಗಾದಾಗ ಅದರ ಹಗುರ ಪರಾಗ ಗಾಳಿಯಲ್ಲೂ ಹೋಗುತ್ತದೆ, ಹೆಜ್ಜೇನಿನ ಕಾಲಿನಲ್ಲೂ ಹೋಗುತ್ತದೆ. ಘಮವೂ ಇದೆ, ಪುಡಿಯೂ ಇದೆ. ಅದಕ್ಕೆ ಯಾರೂ ಪಾಯ್ಸನ್ ಟೈಪ್ ಅನ್ನುವುದಿಲ್ಲ, ಅಲ್ವಾ?

ನನಗೆ ಆಟದಲ್ಲಿ ನಿಜಕ್ಕೂ ಕಿರಿಕಿರಿ ಆಗುವುದು ಬೇರೆ ಕಡೆ. ಗ್ಲೂಮ್‌ಗೆ ಲೀಫ್ ಸ್ಟೋನ್ ಕೊಟ್ಟರೆ ವೈಲ್‌ಪ್ಲೂಮ್ ಆಗುತ್ತದೆ, ಟೈಪು ಗ್ರಾಸ್ (ಅಂದರೆ ಗಿಡ), ಜೊತೆಗೆ ಪಾಯ್ಸನ್. ಅದೇ ಗ್ಲೂಮ್‌ಗೆ ಸನ್ ಸ್ಟೋನ್ ಕೊಟ್ಟರೆ ಚೆಂದದ, ಕುಣಿಯುವ ಬೆಲಾಸಮ್ ಆಗುತ್ತದೆ. ವಿಷ ಮಾಯ! ಬರೀ ಗ್ರಾಸ್. ಅಂದರೆ ಚೆಂದ ಆದ ಕೂಡಲೇ ವಿಷ ಹೋಯಿತು ಅಂತ ಲೆಕ್ಕ. ಪಕ್ಕದ ಮನೆ ಅಕ್ಕನದೂ ಇದೇ ಲೆಕ್ಕ.

ಈ ಲೆಕ್ಕ ಎಷ್ಟು ಸುಳ್ಳು ಅನ್ನುವುದಕ್ಕೆ ಕೊಡಗಿನವರು ದೂರ ಹೋಗಬೇಕಿಲ್ಲ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ತೊಳೆದು ಇಟ್ಟು, ನಳಿಗೆಗೆ ಸಿಕ್ಕಿಸುವ ಹೂ ಯಾವುದು? ತೋಕ್ ಪೂ, ಅಂದರೆ ಗೌರಿ ಹೂ. ಬೆಂಕಿಯ ಬಣ್ಣ, ಮೇಲಕ್ಕೆ ಬಾಗಿದ ಅಲೆ ಅಲೆ ದಳ. ಗಬ್ಬು ವಾಸನೆ ಇಲ್ಲವೇ ಇಲ್ಲ. ಆದರೆ ಗಡ್ಡೆಯಿಂದ ಬೀಜದ ತನಕ ಗಿಡದ ತುಂಬ ಕೋಲ್ಚಿಸಿನ್ ಎಂಬ ವಿಷ. ಜೀವಕೋಶ ಎರಡಾಗುವಾಗ ವರ್ಣತಂತುಗಳನ್ನು ಎಳೆದು ಪಾಲು ಮಾಡುವ ನೂಲುಗಳಿರುತ್ತವೆ. ಈ ವಿಷ ಆ ನೂಲು ಕಟ್ಟದಂತೆ ತಡೆಯುತ್ತದೆ. ಅದರ ಗಡ್ಡೆಯನ್ನು ಗೆಣಸು ಅಂದುಕೊಂಡು ತಿಂದು ಸತ್ತವರಿದ್ದಾರೆ. ಅಳತೆ ಮಾಡಿ ಕೊಟ್ಟರೆ ಅದೇ ಕೋಲ್ಚಿಸಿನ್ ಗೌಟ್ ಎಂಬ ಕೀಲು ಬೇನೆಗೆ ಔಷಧಿ. ಪಾಯ್ಸನ್ ಟೈಪ್ ಅನ್ನುವ ಬಿರುದು ಕೊಡಲೇಬೇಕಾದರೆ ಇದಕ್ಕೆ ಕೊಡಿ. ತಂಗಿಯ ಮಗನಿಗೆ ಹೇಳಿದೆ. ಒಪ್ಪಲಿಲ್ಲ. "ಅದು ಫೈರ್ ಟೈಪ್ ತರ ಇದೆ" ಅಂದ.

ಸುವರ್ಣಗಡ್ಡೆ ಪೂರ್ತಿ ಸಾಧು ಅಂತಲೂ ಅಲ್ಲ. ಹಸಿ ಗಡ್ಡೆ ಹೆಚ್ಚಿದರೆ ಕೈ ತುರಿಸುತ್ತದೆ, ಸರಿಯಾಗಿ ಬೇಯದಿದ್ದರೆ ಗಂಟಲು ಕೆರೆಯುತ್ತದೆ. ಅದಕ್ಕೆ ಕಾರಣ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು. ಅದೇ ಗಿಡದ ನಿಜವಾದ ಆಯುಧ. ಅದಕ್ಕೆ ವಾಸನೆ ಇಲ್ಲ, ಬಣ್ಣವೂ ಇಲ್ಲ. ಹೂವಿನ ವಾಸನೆಗೂ ಅದಕ್ಕೂ ಸಂಬಂಧವಿಲ್ಲ. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಅದಕ್ಕೇ.

ಈ ಹೂ ಅಪರೂಪ ಅನ್ನಿಸುವುದಕ್ಕೂ ಕೇಡಿನ ಕಾರಣವೇನಿಲ್ಲ. ಗಡ್ಡೆ ಕೆಲವು ವರ್ಷ ನೆಲದಲ್ಲೇ ಬಲಿತರೆ ಮಾತ್ರ ಹೂ. ನಾವು ಅಷ್ಟು ಪುರುಸೊತ್ತು ಕೊಡದೆ ಅಗೆದು ಸಾರು ಮಾಡುತ್ತೇವೆ. ಹಾಗಾಗಿ ಹೂ ಬಿಡುವುದು ಯಾರೋ ಮರೆತ ಗಡ್ಡೆ. ನಿಮ್ಮ ಹಿತ್ತಲಲ್ಲಿ ಬಿಟ್ಟರೆ ಕಡಿಯಬೇಡಿ, ಆ ಕಡೆಯ ಕಿಟಕಿ ಮುಚ್ಚಿ ಒಂದೆರಡು ದಿನ ತಡೆಯಿರಿ. ಹೂ ಬಾಡಿದ ಮೇಲೆ ಅಗೆಯುವ ಆತುರವೂ ಬೇಡ. ಬಿಸಿಗೆ, ಹೂವಿಗೆ ಪಿಷ್ಟ ಸುರಿದ ಗಡ್ಡೆ ಆಗ ಸೊರಗಿರುತ್ತದೆ. ಎಲೆ ಬಂದು, ಮಳೆಗಾಲ ಕಳೆದು, ಆ ಎಲೆ ಹಳದಿಯಾಗಿ ಮಲಗಿದ ಮೇಲೆ ಅಗೆದರೆ ಸಾರಿಗೆ ಸಾಕಾಗುವಷ್ಟು ಸಿಗುತ್ತದೆ.